ಟರ್ಬೊಗೆ ಇಟ್ಟ ಕುಂಕುಮ

ಗುಂಡ್ಲುಪೇಟೆಯಲ್ಲಿ ಅವನು ತನ್ನ ಗ್ಯಾರೇಜಿಗೆ ಗಾಜಿನ ಬಾಗಿಲು ಹಾಕಿಸಿದ ಸುದ್ದಿ ಕೇಳಿ ನನಗೆ ಮೂರು ದಿನ ಎದೆ ಉರಿ ಬಂದಿತ್ತು. ಹೆಂಡತಿ ಜೀರಿಗೆ ಕುದಿಸಿದ ನೀರು ಕೊಟ್ಟಳು. “ಅವ್ರು ಗಾಜು ಆಕುಸ್ಕಂಡ್ರ ನಿಮ್ಗ್ಯಾಕ ಎದ ಉರಿ? ಗ್ಯಾಸು ಅಂತ ಮಾತ್ರ ನನ್ತಾವು ಏಳ್ಬೇಡಿ” ಅಂದಳು. ನಾನು ಗ್ಯಾಸೇ ಎಂದು ಸಾಧಿಸಿದೆ. ಅವಳು ಲೋಟ ತೊಳೆಯುತ್ತಾ ನಕ್ಕಳು.

ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಅದು ಹೊಟ್ಟೆಕಿಚ್ಚು. ಚಾಮರಾಜನಗರದಲ್ಲಿ ತಗಡಿನ ಸೂರಿನ ಕೆಳಗೆ ಗಾಡಿ ರಿಪೇರಿ ಮಾಡುವ ನನಗೆ, ಗುಂಡ್ಲುಪೇಟೆಯಲ್ಲಿ ಗಾಜಿನ ಬಾಗಿಲ ಹಿಂದೆ ಗಾಡಿ ರಿಪೇರಿ ಮಾಡುವ ಅವನ ಮೇಲೆ.

ನಾವಿಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹುಣಸೆಮರದ ಕೆಳಗೆ ಮೇಸ್ತ್ರಿಯ ಗ್ಯಾರೇಜು ಇತ್ತು. ನಾನು ಉಡಿಗಾಲದ ಒಕ್ಕಲು ಮನೆಯಿಂದ ಹೋದವನು, ಅವನು ಅಲ್ಲಿಯವನೇ. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಂಡಿದ್ದೇವೆ. ಒಬ್ಬರ ಅಂಗಿ ಒಬ್ಬರು ಹಾಕಿಕೊಂಡಿದ್ದೇವೆ. ಮೇಸ್ತ್ರಿ ನಮ್ಮಿಬ್ಬರನ್ನೂ ಬಂದವರಿಗೆ ತೋರಿಸಿ, “ಇವ್ನಿಗ ಕಿವಿ ಅದ, ಅವ್ನಿಗ ತಾಳ್ಮೆ ಅದ” ಅನ್ನುತ್ತಿದ್ದರು. ಕಿವಿ ನನ್ನದು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಸಾಕು, ಯಾವ ವಾಲ್ವ್ ಸಡಿಲವಾಗಿದೆ, ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ತಾಳ್ಮೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ, ಅದು ಎಮ್ಮೆಗೂ ಇರುತ್ತದೆ ಎಂದುಕೊಂಡು ಬಹಳ ವರ್ಷ ಹಾಯಾಗಿದ್ದೆ.

ಆಮೇಲೆ ಗಾಡಿಗಳು ಬದಲಾದವು. ಎಡಗಾಲಿಗೆ ಕೆಲಸವೇ ಇಲ್ಲದ ಆಟೊಮ್ಯಾಟಿಕ್ ಗಾಡಿಗಳು ಬಂದವು. ಇಷ್ಟೇ ಇಷ್ಟು ಇಂಜಿನ್ನಿಗೆ ಟರ್ಬೊ ಕೂರಿಸಿ ದೊಡ್ಡ ಗಾಡಿಯ ಹಾಗೆ ಓಡಿಸುವುದು ಬಂತು. ಅವನು ಕೊಯಮತ್ತೂರಿಗೆ ಹೋಗಿ ಅದನ್ನೆಲ್ಲ ಕಲಿತುಬಂದ. ಸ್ಕ್ಯಾನರ್ ತಂದ. ಗಾಡಿಯ ಹೊಟ್ಟೆಗೆ ವೈರು ಚುಚ್ಚಿದರೆ ಅದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದಂತೆ. ವಯನಾಡಿನ ಕಡೆಯಿಂದ ಬಂದು ಕೆಟ್ಟು ನಿಂತ ಗಾಡಿಗಳೆಲ್ಲ ಅವನ ಬಾಗಿಲಿಗೇ ಬಂದವು. ಅವರ ಹತ್ತಿರ ಮಲಯಾಳಂ ಮಾತಾಡುತ್ತಾನೆ, ಊಟಿಯಿಂದ ಇಳಿದವರ ಹತ್ತಿರ ತಮಿಳು. ಹೆದ್ದಾರಿಯೇ ಮನೆ ಮುಂದೆ ಹರಿದರೆ ಯಾರು ಬೇಕಾದರೂ ಮೀನು ಹಿಡಿಯಬಹುದು ಎಂದು ನಾನು ಹೇಳಿಕೊಂಡು ತಿರುಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ.

ಎಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಅವನ ಕೈ. ನೀಲಿ ರಬ್ಬರ್ ಗ್ಲೌಸು ಹಾಕಿ ಕೆಲಸ ಮಾಡುತ್ತಾನೆ. ಮದುವೆ ಮನೆಯಲ್ಲಿ ಸಿಕ್ಕಾಗ ಅವನ ಬೆರಳುಗಳು ಬ್ಯಾಂಕಿನವರ ಬೆರಳುಗಳ ಹಾಗೆ ಇದ್ದವು. ನನ್ನ ಉಗುರಿನ ಸಂದಿನ ಕಪ್ಪು ಸೀಗೆಪುಡಿಗೂ ಹೋಗುವುದಿಲ್ಲ. ಎಲೆಯ ಮುಂದೆ ಕೂತು ನಾನು ಅನ್ನ ಕಲಸುವಾಗ ಕೈ ಮರೆಮಾಡಿಕೊಂಡೆ.

ಆದರೂ ನನ್ನ ಹತ್ತಿರ ಅವನಲ್ಲಿಲ್ಲದ್ದು ಒಂದಿತ್ತು. ನನ್ನ ಶೆಡ್ಡಿನ ಗೋಡೆಯಲ್ಲಿ ಒಂದು ಮೊಳೆ. ಅದರ ಮೇಲೆ ಟೀಚರ್ ಗಾಡಿಯ ಎರಡನೆಯ ಕೀ.

ಟೀಚರ್ ಚಂದಕವಾಡಿಯವರು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದವರು. ರಿಟೈರಾಗಿ ಹತ್ತು ವರ್ಷ ದಾಟಿದ್ದರೂ ಗಾಡಿ ತಾವೇ ಓಡಿಸುತ್ತಾರೆ. ಮೊದಲ ಕಾರು ಕೊಂಡ ದಿನವೇ ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, “ಒಂದು ಕೀ ನಿನ್ನತ್ರ ಇರ್ಲಿ ಕಣಪ್ಪ, ಇದುರ್ ಗ್ಯಾನ ನೀನೇ ನೋಡ್ಕೊ” ಅಂದಿದ್ದರು. ನನ್ನ ಗೋಡೆ ಮಣ್ಣಿನ ಗಾರೆಯದು. ಮೂರು ಕಡೆ ಗಾರೆ ಉದುರಿಸಿ ನಾಲ್ಕನೆಯ ಕಡೆ ಮೊಳೆ ಕೂರಿಸಿದೆ, ಅದೂ ಸೊಟ್ಟಗೆ. ಆ ಕೀ ಕಂಡವರೆಲ್ಲ ಯಾರದ್ದು ಎಂದು ಕೇಳುತ್ತಿದ್ದರು. ಟೀಚರದ್ದು ಎಂದು ಹೇಳುವಾಗ ನನ್ನ ಕುತ್ತಿಗೆ ಒಂದು ಇಂಚು ಉದ್ದವಾಗುತ್ತಿತ್ತು. ಟೀಚರ್ ನಂಬಿದ್ದಾರೆಂದರೆ ಊರು ನಂಬಿದಂತೆ. ಆ ಕೀ ಮೊಳೆಯಿಂದ ಇಳಿದರೆ ನಾನೂ ಇಳಿದಂತೆಯೇ.

ಹೋದ ವರ್ಷ ಟೀಚರ್‌ಗೆ ಮೊಣಕಾಲು ನೋವು ಜಾಸ್ತಿಯಾಯಿತು. ಕ್ಲಚ್ ತುಳಿಯಲು ಆಗದು. ತಿಂಗಳಿಗೊಂದು ಸಲ ಪುಣಜನೂರು ದಾಟಿ ದಿಂಬಂ ಘಾಟ್ ಇಳಿದು ಸತ್ಯಮಂಗಲದ ಮಗಳ ಮನೆಗೆ ಹೋಗಿಬರುವವರು, ಬಸ್ಸಿನಲ್ಲಿ ಹೋಗುವ ಜಾಯಮಾನವಲ್ಲ. ಒಂದು ದಿನ ಹೊಸ ಗಾಡಿಯಲ್ಲೇ ಬಂದಿಳಿದರು. ಟರ್ಬೊ ಪೆಟ್ರೋಲ್, ಆಟೊಮ್ಯಾಟಿಕ್.

“ಗುಂಡ್ಲುಪೇಟ ನಿನ್ ಜೊತಗಾರ್ನ ಕೇಳ್ದೆ ಕಣಪ್ಪ. ಇದೇ ತಕ್ಕಳಿ ಟೀಚರ್ ಅಂದ” ಎಂದರು.

ಅವನನ್ನು ಕೇಳಿದ್ದಾರೆ. ನನ್ನನ್ನಲ್ಲ. ಹೊಸ ಕೀಯನ್ನು ಅದೇ ಮೊಳೆಗೆ ನೇತುಹಾಕಿದರು, ನಿಜ. ನನಗೆ ಮಾತ್ರ ಆ ಕಪ್ಪು ಗುಂಡಿಯ ಕೀ ಅವನ ಮೂತಿಯ ಹಾಗೇ ಕಂಡಿತು. ಆ ದಿನದಿಂದ ನಾನು ಆ ಗಾಡಿಯ ಗೇರ್ ಬಾಕ್ಸು ಯಾವಾಗ ಕೆಡುತ್ತದೆ ಎಂದು ಕಾಯತೊಡಗಿದೆ. ಪರರ ಮನೆ ಬೀಳಲಿ ಎಂದು ಕಾಯುವವನಿಗೆ ನಿದ್ದೆ ಬರುವುದಿಲ್ಲ, ಊಟವೂ ಸೇರುವುದಿಲ್ಲ.

ಆಯುಧಪೂಜೆ ಬಂತು. ಟೀಚರ್ ಗಾಡಿಗೆ ಪೂಜೆ ಪ್ರತಿವರ್ಷ ನನ್ನ ಶೆಡ್ಡಿನಲ್ಲೇ. ಇಲ್ಲಿ ನಮ್ಮ ಮೇಸ್ತ್ರಿಯ ಒಂದು ಪದ್ಧತಿಯನ್ನು ಹೇಳಬೇಕು. ಎಲ್ಲರೂ ಬಾನೆಟ್ಟಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ ಕುಂಕುಮ ಇಡುತ್ತಾರೆ. ಮೇಸ್ತ್ರಿ ಹಾಗಲ್ಲ. “ಮೊಖಕ್ಕ ಯಾರ್ ಬೇಕಾದ್ರೂ ಇಡ್ತಾರ ಕಣ್ರಲಾ, ಉಸುರಾಡೋ ಜಾಗಕ್ಕ ಇಡಿ” ಅನ್ನುತ್ತಿದ್ದರು. ಅಂಬಾಸಿಡರು, ಜೀಪು ಯಾವುದಿರಲಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಗಾಳಿ ಒಳಕ್ಕೆ ಹೋಗುವ ಬಾಯಿಯ ಅಂಚಿಗೆ ಒಂದು ಬೊಟ್ಟು ಕುಂಕುಮ, ಒಂದೆಸಳು ಚೆಂಡುಹೂವು ಸೋಕಿಸಿ, ಕೈಮುಗಿದು ಮುಚ್ಚುತ್ತಿದ್ದರು. ಜಿಲ್ಲೆಯಲ್ಲಿ ಆ ಪದ್ಧತಿ ಉಳಿಸಿಕೊಂಡಿರುವವರು ನಾವಿಬ್ಬರೇ.

ಹೊಸ ಗಾಡಿಯ ಬಾನೆಟ್ ಎತ್ತಿದೆ. ಎಲ್ಲಿ ನೋಡಿದರೂ ಕಪ್ಪು ಪ್ಲಾಸ್ಟಿಕ್ಕು. ಈ ಗಾಡಿಗೆ ಉಸಿರು ಊದುವುದು ಟರ್ಬೊ, ಇಂಜಿನ್ನಿಗೆ ಗಾಳಿ ತುರುಕುವ ಬಸವನಹುಳುವಿನ ಆಕಾರದ ಸಾಮಾನು. ಇಡುವುದಾದರೆ ಅದಕ್ಕೇ ಇಡಬೇಕು. ಅದರ ಬಾಯಿಂದ ಗಾಳಿ ಹೊರಡುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಿಸಿ, ಪೈಪು ಕಳಚಿ, ಲೋಹದ ಅಂಚಿಗೆ ಸುತ್ತ ಕುಂಕುಮ ಬಳಿದೆ. ಒಂದು ಬೊಟ್ಟಲ್ಲ, ಧಾರಾಳವಾಗಿ. ಗುಂಡ್ಲುಪೇಟೆಯವನು ಹೇಳಿ ಕೊಡಿಸಿದ ಗಾಡಿಯ ಉಸಿರನ್ನು ನಾನು ಮುಟ್ಟಿದೆ ಎಂಬ ಹಮ್ಮು ಬೇರೆ. ಹೂವಿನ ಎಸಳನ್ನು ಸೋಕಿಸಿ ಅಲ್ಲೇ ಅಂಟಿಸಿದೆ. ಅಷ್ಟರಲ್ಲಿ ಟೀಚರ್ ಈಡುಗಾಯಿಗೆ ಕರೆದರು. ಪೈಪನ್ನು ಒತ್ತಿ, ಕ್ಲಿಪ್ಪು ಬಿಗಿದು ಎದ್ದೆ. ಅಂಚಿನಲ್ಲಿ ಉಬ್ಬಿರುವ ದಿಂಡು ದಾಟಿ ಪೈಪು ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಬೇಕಿತ್ತು. ನೋಡಲಿಲ್ಲ.

ತಿಂಗಳಾದ ಮೇಲೆ ಟೀಚರ್ ಬಂದು, “ಏರಲ್ಲಿ ಎಳೀತಿಲ್ಲ ಕಣಪ್ಪ, ಒಂಥರಾ ಜಗ್ತದ” ಎಂದರು.

ಟ್ರಯಲ್ ನೋಡಲು ನಾನೇ ಓಡಿಸಿದೆ. ಮಟ್ಟಸ ರಸ್ತೆಯಲ್ಲಿ ಚೆನ್ನಾಗಿಯೇ ಇತ್ತು. ಏರು ಬಂದಾಗ ಇಂಜಿನ್ ತಿಣುಕಿತು. ಗೇರ್ ತಾನಾಗಿ ಕೆಳಗಿಳಿಯಿತು, ಮೇಲೇರಿತು, ಮತ್ತೆ ಕೆಳಗಿಳಿಯಿತು. ಪ್ರತಿ ಸಲವೂ ಬೆನ್ನಿಗೆ ಗುದ್ದಿದಂತೆ ಜರ್ಕು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಗೇರ್ ಬಾಕ್ಸು ಹೋಗಿದೆ! ಅವನು ಆರಿಸಿ ಕೊಡಿಸಿದ ಗೇರ್ ಬಾಕ್ಸು!

ಅದರ ಜೊತೆಗೇ ಇನ್ನೊಂದು ಸದ್ದೂ ಬಂತು. ರೇಸ್ ಕೊಟ್ಟಾಗಲೆಲ್ಲ ಬಲಗಡೆಯಿಂದ ಸಣ್ಣಗೆ ‘ಸುಯ್’ ಎಂದು. ನನ್ನ ಕಿವಿ ಕೇಳಿಸಿಕೊಂಡಿತು. ಟರ್ಬೊ ಅಂದ ಮೇಲೆ ಸುಯ್ ಅನ್ನುವುದು ಇದ್ದದ್ದೇ ಎಂದು ನಾನು ನನ್ನ ಕಿವಿಗೇ ಹೇಳಿ ಬಾಯಿ ಮುಚ್ಚಿಸಿದೆ. ಬಾನೆಟ್ ಎತ್ತಲಿಲ್ಲ.

“ಗೇರ್ ಬಾಕ್ಸೇ ಟೀಚರ್. ಈ ಆಟೊಮ್ಯಾಟಿಕ್ ಹಣೆಬರಾನೇ ಇಷ್ಟು. ಮೆಲ್ಲಗ ಓಡ್ಸಿ, ಎಷ್ಟು ದಿನ ಬತ್ತದೊ ಬರ್ಲಿ” ಎಂದೆ. ತಕ್ಕೊಳ್ಳಲು ಹೇಳಿದವನನ್ನೇ ಕೇಳಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಇನ್ನೂ ಪೂರ್ತಿ ಕೆಡಲಿ, ಆಮೇಲೆ ಹೇಳೋಣ ಎಂಬ ಲೆಕ್ಕ.

ಮುಂದಿನ ವಾರ ಸತ್ಯಮಂಗಲದಿಂದ ಬರುವಾಗ ಘಾಟ್ ಹತ್ತುತ್ತಾ ತಿರುವಿನಲ್ಲೇ ಗಾಡಿ ಸೋತು ನಿಂತಿತು. ಮೀಟರಿನಲ್ಲಿ ಇಂಜಿನ್ ದೀಪ ಹತ್ತಿತು. ಹಿಂದೆ ಕಲ್ಲು ತುಂಬಿದ ಲಾರಿ. ಲಾರಿಯವನು ಬ್ರೇಕ್ ಒತ್ತಿ ಹಾರ್ನ್ ಹೊಡೆಯುತ್ತಾ ನಿಂತನಂತೆ. ಟೀಚರ್ ಹೇಗೋ ಗಾಡಿಯನ್ನು ಮೇಲಕ್ಕೆ ತಂದು, ಎರಡನೇ ಗೇರಿನಲ್ಲೇ ತೆವಳಿಸಿಕೊಂಡು ಊರು ಸೇರಿದ್ದರು. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಬಂದವರು ಗಾಡಿಯಿಂದ ಇಳಿಯಲೂ ಇಲ್ಲ.

“ಗಾಡಿ ಅತ್ತು. ಗುಂಡ್ಲುಪೇಟಗ ಓಗನ” ಎಂದರು.

“ನಾನ್ಯಾಕ ಟೀಚರ್?”

“ಗೇರ್ ಬಾಕ್ಸು ಅಂದೋನು ನೀನು. ಅವ್ನಿಗ ನೀನೇ ಏಳು.”

ತೆರಕಣಾಂಬಿ ದಾಟಿದ ಮೇಲಿನ ಏರಿನಲ್ಲಿ ಗಾಡಿ ಜಗ್ಗಿದಾಗ ಟೀಚರ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ನಾನು ಕಿಟಕಿಯಿಂದ ಆಚೆ ಅರಿಶಿನದ ಹೊಲ ನೋಡುತ್ತಾ ಕೂತೆ.

ಅವನು ಬಾಗಿಲಿಗೇ ಬಂದು ನನ್ನ ಹೆಗಲ ಮೇಲೆ ಕೈಹಾಕಿದ. “ಎಷ್ಟ್ ವರ್ಷಾಯ್ತಲಾ ನೀನು ಈ ಕಡ ಬಂದು! ಕಾಪಿ ಕುಡಿ ಮೊದ್ಲು.” ಟೀಚರನ್ನು ತಣ್ಣಗಿನ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ. ಅವರು ಎರಡು ನಿಮಿಷವೂ ಕೂರದೆ ಎದ್ದು ಗಾಡಿಯ ಪಕ್ಕ ಬಂದು ನಿಂತರು. ಕಾಫಿ ಚೆನ್ನಾಗಿತ್ತು. ಅದೂ ಚೆನ್ನಾಗಿರಬೇಕೆ!

ಸ್ಕ್ಯಾನರ್ ಸಿಕ್ಕಿಸಿದ. ಓದಿದ. ಅವಸರವೇ ಇಲ್ಲ. ಮತ್ತೊಮ್ಮೆ ಓದಿದ.

“ಗೇರ್ ಬಾಕ್ಸಲ್ಲಿ ಒಂದು ಕಂಪ್ಲೇಂಟೂ ಇಲ್ಲ. ಇಂಜಿನ್ ಕೇಳಷ್ಟು ಗಾಳಿ ಅದುಕ್ಕ ಸಿಗ್ತಿಲ್ಲ. ಶಕ್ತಿ ಸಾಲ್ದು ಅಂತ ಗೇರು ಕೆಳಕ ಇಳೀತದ, ಮತ್ತ ಹತ್ತಕ ನೋಡ್ತದ. ಅದೇ ಜರ್ಕು” ಎಂದ.

“ಮತ್ತ ಇವ್ನು ಗೇರ್ ಬಾಕ್ಸು ಓಗ್ಯದ ಅಂದ್ನಲ್ಲ?” ಎಂದರು ಟೀಚರ್.

“ಓಡುಸ್ತಾ ಕೂತೋರ್ಗ ಅಂಗೇ ಅನ್ಸದು ಟೀಚರ್. ಯಾರಾದ್ರೂ ಅಂಗೇ ಅನ್ನೋರು.”

ನನ್ನ ಪರವಾಗಿ ಮಾತಾಡುತ್ತಿದ್ದಾನೆ! ಆ ಗ್ಯಾರೇಜಿನ ಹೊಳೆಯುವ ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದಿತ್ತೆ ಎನಿಸಿತು. ಅವನು ಬಾನೆಟ್ ಎತ್ತಿ ನನ್ನ ಕಡೆ ತಿರುಗಿದ. “ಬ್ರೇಕ್ ತುಳ್ಕಂಡು ರೇಸ್ ಕೊಡ್ಲಾ” ಎಂದ. ಕೊಟ್ಟೆ. ಸುಯ್ ಎಂದಿತು. ಅವನು ಕಣ್ಣು ಮುಚ್ಚಿ ತಲೆಯನ್ನು ಓರೆ ಮಾಡಿ ಆಲಿಸಿದ. ಮೇಸ್ತ್ರಿಯ ಹತ್ತಿರ ನಾನು ಮಾಡುತ್ತಿದ್ದೆನಲ್ಲ, ಥೇಟ್ ಹಾಗೆಯೇ. ನನ್ನ ಕಿವಿಯನ್ನೂ ಇವನೇ ಇಟ್ಟುಕೊಂಡನಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅಂಗೈಯನ್ನು ಪೈಪುಗಳ ಸುತ್ತ ಆಡಿಸಿ ಒಂದು ಕಡೆ ನಿಲ್ಲಿಸಿದ. ಇಂಜಿನ್ ನಿಲ್ಲಿಸಲು ಸನ್ನೆ ಮಾಡಿದ. ಬಿಸಿ ಆರಲು ಬಿಟ್ಟು, ಆಮೇಲೆ ಕ್ಲಿಪ್ಪು ಸಡಿಲಿಸಿ ಪೈಪು ಕಳಚಿದ. ನಾನು ಇಳಿದು ಬಂದು ಎದುರಿಗೇ ನಿಂತಿದ್ದೆ. ಪೈಪಿನ ಒಳ ಅಂಚಿಗೆ ಚೆಂಡುಹೂವಿನ ಒಂದು ಎಸಳು ಸುಟ್ಟ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಟರ್ಬೊದ ಬಾಯಿಯ ಸುತ್ತ ಕುಂಕುಮ. ಆ ಪುಡಿಯ ಮೇಲೆ ರಬ್ಬರು ಹಿಡಿತ ಸಿಗದೆ ದಿನದಿನವೂ ಕೂದಲೆಳೆಯಷ್ಟು ಜಾರಿ ಸಂದು ಬಿಟ್ಟಿತ್ತು. ಅವನ ನೀಲಿ ಗ್ಲೌಸಿನ ಬೆರಳು ಕೆಂಪಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹಣೆಯ ಕುಂಕುಮಕ್ಕೆ ಹೋಯಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಯಾರ ಕೈಯ ಕೆಲಸ ಎಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಇಬ್ಬರೇ ಅಲ್ಲವೇ ಆ ಮೇಸ್ತ್ರಿಯ ಶಿಷ್ಯರು.

“ಏನಪ್ಪ ಅದು?” ಎಂದು ಟೀಚರ್ ಬಗ್ಗಿದರು.

ಅವನು ಮುಷ್ಟಿ ಮುಚ್ಚಿದ. “ಪೈಪು ಜಾರ್ಬುಟ್ಟದ ಟೀಚರ್. ಘಾಟ್ ರೋಡ್ ಕುಲುಕಾಟ. ಸುಮ್ನ ಗೇರ್ ಬಾಕ್ಸು ಬಿಚ್ಚಾಕ್ದೆ ಇಲ್ಗಂಟ ತಂದ್ನಲ್ಲ ಇವ್ನು, ಅದೇ ಬುದ್ಧವಂತ್ಕ. ಬ್ಯಾರಯವ್ರಾಗಿದ್ರ ಬಿಚ್ಚಿ ಅರಡ್ಬುಡೋರು.”

ಗ್ಲೌಸು ಕಳಚಿ, ಎಸಳನ್ನು ಅದರೊಳಗೇ ಸುತ್ತಿ ಕಸದ ಡಬ್ಬಿಗೆ ಹಾಕಿದ. ಅಂಚನ್ನು ಬಟ್ಟೆಯಲ್ಲಿ ಒರೆಸಿ, ಪೈಪು ಕೂರಿಸಿ, ದಿಂಡು ದಾಟಿದೆಯೇ ಎಂದು ಸುತ್ತಲೂ ಬೆರಳಾಡಿಸಿ ನೋಡಿ ಕ್ಲಿಪ್ಪು ಬಿಗಿದ. ವಾಪಸ್ ಬರುವಾಗ ಗಾಡಿ ಗಾಳಿಯ ಹಾಗೆ ಬಂತು. ಟೀಚರ್ ಸಮಾಧಾನದ ಉಸಿರು ಬಿಟ್ಟು, “ನೀನು ಒಳ್ಳೆ ಕೆಲ್ಸ ಮಾಡ್ದೆ ಕಣಪ್ಪ” ಎಂದರು. ಕೀ ಮೊಳೆಯ ಮೇಲೆಯೇ ಉಳಿಯಿತು.

ಅಲ್ಲಿಗೆ ನಾನು ನೆಮ್ಮದಿಯಾಗಿರಬೇಕಿತ್ತು. ಇರಲಾಗಲಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣೆದುರಿಗೆ ಆ ಕೀ. ಅದು ನನ್ನದಾಗಿ ಉಳಿದಿರಲಿಲ್ಲ, ಅವನು ಕೊಟ್ಟ ಭಿಕ್ಷೆಯಾಗಿತ್ತು. ಅವನ ಜಾಗದಲ್ಲಿ ನಾನಿದ್ದಿದ್ದರೆ? ಆ ಎಸಳನ್ನು ಹಿಡಿದು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನವರೆಗೂ ತೋರಿಸಿಕೊಂಡು ಬರುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು. ಗಾಜಿನ ಬಾಗಿಲು ಅವನಿಗಿರಲಿ, ಸ್ಕ್ಯಾನರ್ ಇರಲಿ, ಬೆಳ್ಳನೆಯ ಬೆರಳುಗಳೂ ಇರಲಿ. ಒಳ್ಳೆಯತನವೂ ಅವನಿಗೇ ಇರಬೇಕೆ? ನನ್ನ ತಪ್ಪು ಮುಚ್ಚಿ ಅವನು ದೊಡ್ಡವನಾಗಿ ಕೂತಿದ್ದಾನೆ ಎಂಬುದನ್ನು ತಡೆದುಕೊಳ್ಳಲಾಗದೆ ಒಂದು ಮಧ್ಯಾಹ್ನ ಕೀಯನ್ನು ಜೇಬಿಗೆ ಹಾಕಿಕೊಂಡು ಚಂದಕವಾಡಿಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ.

ಟೀಚರ್ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕುಂಕುಮ, ಎಸಳು, ಪೈಪು, ಅವನ ಮುಷ್ಟಿ, ಎಲ್ಲ ಹೇಳಿದೆ.

“ಕೈ ತಪ್ಪೋದು ಬುಡು, ಎಲ್ರಿಗೂ ಆಯ್ತದ. ಇಷ್ಟ್ ದಿನ ಬುಟ್ಟು ಈಗ್ಯಾಕ ಏಳ್ತಿದ್ದೀಯ?” ಎಂದರು.

“ಅವ್ನೇ ಒಳ್ಳೆವ್ನು ಅನ್ನಿಸ್ಕಳದ ನೋಡಕಾಯ್ತಿಲ್ಲ ಟೀಚರ್.”

ನಕ್ಕರು. ಸುಲಿದ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ಏನೋ ನೆನಪಾದವರಂತೆ ಕೈ ನಿಲ್ಲಿಸಿದರು.

“ಮೊದ್ಲು ನೀನು ಟ್ರಯಲ್ ನೋಡ್ದಲ್ಲ, ಅವತ್ತು ಆ ಸದ್ದು ನಿನ್ಗ ಕೇಳುಸ್ನಿಲ್ವ?”

ನಾಲ್ಕನೇ ಕ್ಲಾಸಿನಲ್ಲೂ ಹೀಗೇ ಕೇಳುತ್ತಿದ್ದರು. ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಕೇಳುಸ್ತು” ಎಂದೆ.

ಕೈಯಲ್ಲಿದ್ದ ಅವರೆಕಾಯನ್ನು ಸುಲಿಯದೆ ಮೊರದ ಪಕ್ಕಕ್ಕಿಟ್ಟರು. “ಆ ಘಾಟಲ್ಲಿ ನನ್ ಹಿಂದ ಲಾರಿ ಇತ್ತು ಕಣಪ್ಪ” ಎಂದರು. ಬೈಯಲಿಲ್ಲ. ದನಿಯೂ ಏರಲಿಲ್ಲ. ಬಲಗೈ ಚಾಚಿದರು. ಶಾಲೆಯಲ್ಲಿ ಅವರು ಕೈ ಚಾಚಿದರೆ ಸ್ಲೇಟು ಕೊಡಬೇಕಿತ್ತು. ಜೇಬಿನಿಂದ ಕೀ ತೆಗೆದು ಆ ಕೈಯಲ್ಲಿಟ್ಟೆ.

ಮೊಳೆ ಬರಿದಾಯಿತು. ಹೆಂಡತಿ ಅಲ್ಲಿ ಕ್ಯಾಲೆಂಡರ್ ಹಾಕುತ್ತೇನೆಂದಳು, ಬೇಡ ಎಂದು ರೇಗಿದೆ. ಯಾರದೋ ಕೀ ಇತ್ತಲ್ಲ ಎಂದು ಬಂದವರು ಕೇಳುತ್ತಲೇ ಇದ್ದರು.

ಟೀಚರ್ ಆ ಕೀಯನ್ನು ಅವನಿಗೆ ಕೊಟ್ಟ ಸುದ್ದಿ ಕೇಳಿ, ಕೆಲವು ವಾರ ಕಳೆದ ಮೇಲೆ ಗುಂಡ್ಲುಪೇಟೆಗೆ ಹೋಗಿ ಆ ಗಾಜಿನ ಬಾಗಿಲು ತಳ್ಳಿದೆ. ನನ್ನ ಕಣ್ಣು ಮೊದಲು ಹುಡುಕಿದ್ದು ಟೀಚರ್ ಕೀಯನ್ನೇ. ಪ್ಲಾಸ್ಟಿಕ್ ಟ್ರೇಯೊಂದರಲ್ಲಿ, ಕೊರಳಿಗೆ ನಂಬರಿನ ಚೀಟಿ ಕಟ್ಟಿಸಿಕೊಂಡು, ಹತ್ತಾರು ಕೀಗಳ ನಡುವೆ ಅದೂ ಒಂದಾಗಿ ಬಿದ್ದಿತ್ತು.

ಅವನು ಎದ್ದು ಬಂದ. “ಏಳ್ಬಾರ್ದಿತ್ತು ಕಣ್ಲಾ ನೀನು ಅವ್ರಿಗ” ಎಂದ.

ಜೇಬಿನಿಂದ ಮೊಳೆ ತೆಗೆದೆ. ಶೆಡ್ಡಿನ ಗೋಡೆಯಿಂದ ಕಿತ್ತು ತಂದಿದ್ದ ಅದೇ ಸೊಟ್ಟ ಮೊಳೆ. “ಸುತ್ಗ ಕೊಡ್ಲಾ. ಟೀಚರ್ ಕೀನ ಎಲ್ಲಾರ್ದುರ್ ಜೊತ ಆಕ್ಬೇಡ” ಎಂದೆ.

ಅವನು ನನ್ನ ಮುಖ ನೋಡಿದ. ಮೊಳೆ ನೋಡಿದ. ಸುತ್ತಿಗೆ ತಂದುಕೊಟ್ಟು, ಟ್ರೇಯಿಂದ ಆ ಕೀಯನ್ನು ಎತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ನೆಲದ ಮೇಲೆ ಇಟ್ಟು ಎರಡು ಬಡಿದು ಮೊಳೆಯನ್ನು ನೆಟ್ಟಗೆ ಮಾಡಿದೆ. ಗೋಡೆಗೆ ಹಿಡಿದು ಹೊಡೆದೆ. ಗಾರೆ ಉದುರಲಿಲ್ಲ, ಬಿರುಕು ಬಿಡಲಿಲ್ಲ. ಒಂದೇ ಏಟಿಗೆ ನೆಟ್ಟಗೆ ಒಳಕ್ಕೆ ಹೋಯಿತು. ಅವನ ಗೋಡೆ ನೋಡಿಯೂ ನನಗೆ ಹೊಟ್ಟೆ ಉರಿಯಿತು.